ಎತ್ತಿಗೆ ಸಿಕ್ಕ ನೆರಳು ಆಳಿಗೆ ಸಿಗಲಿಲ್ಲ

ಏಪ್ರಿಲ್ ತಿಂಗಳಲ್ಲಿ ಹನ್ನೊಂದು ಗಂಟೆಯ ಸುಮಾರಿಗೆ ಸವದತ್ತಿ ಅಥವಾ ರಾಮದುರ್ಗ ತಾಲೂಕಿನ ಯಾವುದಾದರೊಂದು ಎರೆಹೊಲದ ಬದುವಿನ ಮೇಲೆ ನಿಂತವರಿಗೆ ಒಂದು ವೈಚಿತ್ರ್ಯ ಕಾಣದೆ ಇರದು. ಅದು ಎತ್ತಿನ ಕೊಳ್ಳ ಹರಿಯುವ ಹೊತ್ತು. ನಸುಕಿನಲ್ಲಿ ಹೂಡಿದ ಜೋಡೆತ್ತುಗಳನ್ನು ರೈತ ನೊಗದಿಂದ ಬಿಡಿಸಿ, ಬೇವಿನ ಮರದಡಿ ಕಟ್ಟಿ, ಕಲ್ಲಿನ ದೋಣಿಯಲ್ಲಿ ನೀರು ತೋರಿಸಿ, ಮೇವು ಹಾಕುತ್ತಾನೆ. ಇಳಿಹೊತ್ತಿನವರೆಗೆ ಅವನ್ನು ಮತ್ತೆ ಹೂಡುವ ಮಾತಿಲ್ಲ. ಆದರೆ ಅದೇ ಹೊಲದ ಇನ್ನೊಂದು ಅಂಚಿನಲ್ಲಿ ಜೋಳದ ಕೂಳೆ ಆರಿಸುತ್ತಿರುವ ಹೆಣ್ಣಾಳುಗಳ ಸಾಲು ಬಗ್ಗಿದ ಬೆನ್ನನ್ನು ಇನ್ನೂ ನೆಟ್ಟಗೆ ಮಾಡಿರುವುದಿಲ್ಲ. ಅವರ ಪಾಳಿ ಮುಗಿಯಲು ಇನ್ನೂ ತಾಸುಗಟ್ಟಲೆ ಉಳಿದಿರುತ್ತದೆ.

ಎತ್ತಿನ ಬಗೆಗಿನ ಈ ವಿವೇಕ ರೈತನ ಅನುಭವದಿಂದ ಬಂದದ್ದು. ಅಚ್ಚರಿಯ ಸಂಗತಿಯೆಂದರೆ ಕಾನೂನೂ ಅದನ್ನು ಒಪ್ಪಿಕೊಂಡಿದೆ. ಗಾಡಿ ಎಳೆಯುವ ಹಾಗೂ ಹೊರೆ ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು ಕೇಂದ್ರ ಸರ್ಕಾರವು 1965ರಲ್ಲಿ ಮಾಡಿದ ನಿಯಮಗಳಲ್ಲಿ ಒಂದು ಸ್ಪಷ್ಟವಾದ ಮಾತಿದೆ: ತಾಪಮಾನ 37 ಡಿಗ್ರಿ ಸೆಲ್ಸಿಯಸ್ ಮೀರಿದ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಯಾವ ಪ್ರಾಣಿಯನ್ನೂ ಗಾಡಿ ಎಳೆಯಲು ಅಥವಾ ಹೊರೆ ಹೊರಲು ಬಳಸಕೂಡದು. ಅದೇ ನಿಯಮದ ಪ್ರಕಾರ ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು, ವಿರಾಮವಿಲ್ಲದೆ ಐದು ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಎತ್ತು, ಕೋಣ, ಕತ್ತೆಗಳಿಗೆ ಇದು ಸಲ್ಲಬೇಕಾದುದೇ. ಆದರೆ ಹೊಲದ ಕೂಲಿಯವರಿಗೆ ಹೀಗೆ ಡಿಗ್ರಿಯನ್ನೂ ಗಂಟೆಯನ್ನೂ ಹೆಸರಿಸಿ ನೆರಳನ್ನು ಹಕ್ಕಾಗಿಸಿದ ನಿಯಮ ಕರ್ನಾಟಕದಲ್ಲಿ ಇಲ್ಲ. ಬಿಸಿಲಿನ ಕಾಯಿಲೆಯ ಬಗ್ಗೆ ಬೇಸಿಗೆ ಬಂದಾಗಲೆಲ್ಲ ಹೊರಡುವ ಪ್ರಕಟಣೆಗಳು ಮಧ್ಯಾಹ್ನ ಹೊರಗೆ ಹೋಗಬೇಡಿರೆಂದು ಹೇಳುತ್ತವೆ. ಮಧ್ಯಾಹ್ನ ಹೊರಗೇ ಇರಬೇಕಾದವರಿಗೆ ಅವು ಏನನ್ನೂ ಹೇಳುವುದಿಲ್ಲ.

ಈ ವಿಷಯ ಘಟ್ಟದ ಮೇಲಿನ ಓದುಗರಿಗೆ ದೂರದ್ದೆನಿಸಬಹುದು. ಹಾಗಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಮೀಟರುಗಟ್ಟಲೆ ಮಳೆ ಸುರಿಯುವ ಕಾಡಿನಲ್ಲಿ. ಅಲ್ಲಿಂದ ಇಳಿದ ನೀರು ಕಿತ್ತೂರು, ಬೈಲಹೊಂಗಲ ಸೀಮೆಗಳನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು, ರಾಮದುರ್ಗದ ಮಗ್ಗುಲಿನಿಂದ ಮುಂದೆ ಸಾಗುತ್ತದೆ. ಕೃಷಿ ವಿಜ್ಞಾನಿಗಳು ರಾಜ್ಯವನ್ನು ವಿಂಗಡಿಸಿರುವ 10 ಕೃಷಿ-ಹವಾಮಾನ ವಲಯಗಳಲ್ಲಿ ಮೂರನ್ನು ಈ ಒಂದೇ ಹೊಳೆ ದಾಟುತ್ತದೆ. ಖಾನಾಪುರ ಗುಡ್ಡಗಾಡು ವಲಯ, ಕಿತ್ತೂರು-ಬೈಲಹೊಂಗಲ ಉತ್ತರದ ಸಂಕ್ರಮಣ ವಲಯ, ಸವದತ್ತಿ-ರಾಮದುರ್ಗ ಉತ್ತರದ ಒಣ ವಲಯ. ಒಂದು ದಿನದ ಬಸ್ ಪ್ರಯಾಣದಲ್ಲಿ ಮೂರು ಹವಾಮಾನ. ಕಳಸಾ-ಬಂಡೂರಿಯ ವಾಗ್ವಾದದಲ್ಲಿ ಘಟ್ಟದವರೂ ಬಯಲಿನವರೂ ಎದುರುಬದುರಾಗಿ ನಿಂತದ್ದುಂಟು. ಆ ಜಗಳ ಏನೇ ಇರಲಿ, ಬಯಲಿನ ಬೇಸಿಗೆ ಎಂಥದೆಂದು ತಿಳಿಯದೆ ಬಯಲಿನವರ ನೀರಿನ ಹಂಬಲವನ್ನು ತೂಗಲು ಹೊರಡುವುದು ನ್ಯಾಯವಲ್ಲ.

ಇನ್ನೊಂದು ಕಾರಣವೂ ಇದೆ. ಚೈತ್ರದ ದವನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಘಟ್ಟದ ಊರುಗಳಿಂದಲೂ ಜನ ಇಳಿಯುತ್ತಾರೆ. ಬೆವರುವುದನ್ನು ದೇಹ ಕಲಿಯಬೇಕಾಗುತ್ತದೆ. ಸೆಕೆಗೆ ಒಗ್ಗಿಕೊಳ್ಳಲು ಆರೋಗ್ಯವಂತನ ಶರೀರಕ್ಕೂ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಹುಟ್ಟತೊಡಗುತ್ತದೆ, ಹೆಚ್ಚು ಹರಿಯುತ್ತದೆ, ಅದರಲ್ಲಿ ಕಳೆದುಹೋಗುವ ಉಪ್ಪಿನ ಅಂಶ ಇಳಿಯುತ್ತದೆ. ಖಾನಾಪುರದ ಕಾಡಂಚಿನಿಂದ ಬೆಳಗ್ಗೆ ಹೊರಟು ಮಧ್ಯಾಹ್ನ ಗುಡ್ಡದ ಮೆಟ್ಟಿಲು ಏರುವ ಯುವಕನಿಗೆ ಈ ಅಭ್ಯಾಸ ಆಗಿರುವುದಿಲ್ಲ. ಅವನ ತಾರುಣ್ಯವೇ ಅವನನ್ನು ಮೋಸಗೊಳಿಸುತ್ತದೆ. ರಾಮದುರ್ಗದ ಮುದುಕ ನೆರಳು ಹುಡುಕುವಲ್ಲಿ ಅವನು ಓಡುತ್ತಾನೆ.

ಒಣಸೀಮೆಯ ಬಿಸಿಲಿಗೆ ಇನ್ನೊಂದು ಕಪಟವಿದೆ. ಕರಾವಳಿಯಲ್ಲಿ, ಮಳೆಗಾಲಕ್ಕೆ ಮುಂಚಿನ ಮಲೆನಾಡಿನಲ್ಲಿ, ಬೆವರು ಮೈಮೇಲೆ ಧಾರೆಯಾಗಿ ಇಳಿಯುವುದರಿಂದ ನೀರು ಹೋಗುತ್ತಿದೆಯೆಂದು ಗೊತ್ತಾಗುತ್ತದೆ. ರಾಮದುರ್ಗದ ಒಣಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣದಲ್ಲೇ ಆರಿಹೋಗುತ್ತದೆ. ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿದಾಗಷ್ಟೇ ಅದರ ಲೆಕ್ಕ ಸಿಗುತ್ತದೆ. ಕಷ್ಟದ ಕೆಲಸದಲ್ಲಿ ಒಂದು ತಾಸಿಗೆ ಒಂದು ಲೀಟರ್ ಬೆವರು ಹರಿಯುವುದು ಸಾಮಾನ್ಯ. ಒಂದು ಲೀಟರ್ ಬೆವರು ಆವಿಯಾದಾಗ ಸುಮಾರು 580 ಕಿಲೋಕ್ಯಾಲೊರಿ ಶಾಖ ಮೈಯಿಂದ ಹೊರಬೀಳುತ್ತದೆ. ಗಾಳಿ ಮೈಗಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ಬಾಗಿಲು ಇದೊಂದೇ. ನೀರು ಮುಗಿದರೆ ಆ ಬಾಗಿಲೂ ಮುಚ್ಚುತ್ತದೆ. ಕೆಲಸ ಮಾಡುವ ಸ್ನಾಯುಗಳು ಮಾತ್ರ ಶಾಖವನ್ನು ಹುಟ್ಟಿಸುತ್ತಲೇ ಇರುತ್ತವೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಕಪ್ಪು ನೆಲ. ಬಗ್ಗಿ ಕಳೆ ತೆಗೆಯುವವರ ಮುಖ ಆ ನೆಲಕ್ಕೆ ಒಂದು ಮೊಳದ ಅಂತರದಲ್ಲಿರುತ್ತದೆ. ಹವಾಮಾನ ಇಲಾಖೆಯ ಉಷ್ಣಮಾಪಕವಾದರೋ ನೆರಳಿನ ಪೆಟ್ಟಿಗೆಯಲ್ಲಿ ಆಳೆತ್ತರದ ಗಾಳಿಯನ್ನು ಅಳೆಯುತ್ತದೆ.

ಇಂಥ ಹೊಲದಲ್ಲಿ ಕಾಯಿಲೆ ಒಮ್ಮೆಲೇ ಬಂದೆರಗುವುದು ವಿರಳ. ಅದು ಹೆಜ್ಜೆ ಹೆಜ್ಜೆಯಾಗಿ ಬರುತ್ತದೆ. ಮೊದಲು ಮೀನಖಂಡದಲ್ಲೋ ಹೊಟ್ಟೆಯಲ್ಲೋ ಸ್ನಾಯು ಸೆಳೆತ. ಬೆವರಿನೊಡನೆ ಉಪ್ಪು ಹೋಗಿ, ಬರಿಯ ನೀರನ್ನಷ್ಟೇ ಕುಡಿದವರಿಗೆ ಇದು ಹೆಚ್ಚು. ಬ್ರಿಟನ್ನಿನ ಆಳವಾದ ಕಲ್ಲಿದ್ದಲ ಗಣಿಗಳ ಕಾರ್ಮಿಕರಲ್ಲಿ 1920ರ ದಶಕದಲ್ಲಿಯೇ ಇದನ್ನು ಗುರುತಿಸಲಾಗಿತ್ತು. ಅದನ್ನು ಕಡೆಗಣಿಸಿ ಕೆಲಸ ಮುಂದುವರಿದರೆ ತಲೆನೋವು, ಓಕರಿಕೆ, ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ತಣ್ಣಗೆ ಅಂಟಂಟಾದ ಮೈ, ವೇಗದ ನಾಡಿ, ಕಡುಹಳದಿಯಾದ ಅಲ್ಪ ಮೂತ್ರ. ಇದು ಉಷ್ಣದ ಬಳಲಿಕೆ. ಈ ಹಂತದಲ್ಲಿ ಬುದ್ಧಿ ಸ್ವಸ್ಥವಾಗಿರುತ್ತದೆ. ರೋಗಿ ತನ್ನ ಹೆಸರು, ಊರು, ದಿನವನ್ನು ಸರಿಯಾಗಿ ಹೇಳುತ್ತಾನೆ. ನೆರಳಿಗೆ ಕರೆತಂದು, ಬಿಗಿಯಾದ ಬಟ್ಟೆ ಸಡಿಲಿಸಿ, ಮಲಗಿಸಿ ಕಾಲನ್ನು ತುಸು ಎತ್ತರಿಸಿ, ಮೈಗೆ ನೀರು ಚಿಮುಕಿಸಿ, ಉಪ್ಪು ಬೆರೆತ ಪಾನೀಯವನ್ನು ಗುಟುಕು ಗುಟುಕಾಗಿ ಕೊಟ್ಟರೆ ಬಹುಮಟ್ಟಿಗೆ ಅರ್ಧ-ಮುಕ್ಕಾಲು ತಾಸಿನಲ್ಲಿ ಸುಧಾರಿಸುತ್ತದೆ. ಸುಧಾರಿಸಿದರೂ ಆ ದಿನ ಮತ್ತೆ ಕೆಲಸಕ್ಕೆ ಇಳಿಸಕೂಡದು. ಸುಧಾರಿಸದಿದ್ದರೆ, ವಾಂತಿ ನಿಲ್ಲದಿದ್ದರೆ, ಆಸ್ಪತ್ರೆ.

ಮೂರನೆಯದು ಉಷ್ಣಾಘಾತ. ಜನ ಬಿಸಿಲು ಬಡಿಯಿತು ಎನ್ನುವುದು ಇದಕ್ಕೇ. ದೇಹದೊಳಗಿನ ಉಷ್ಣತೆ 40 ಡಿಗ್ರಿ ಮುಟ್ಟಿ ಮೀರುತ್ತದೆ, ಮಿದುಳು ತಡವರಿಸುತ್ತದೆ. ಇದರ ಮೊದಲ ಸುಳಿವು ಸ್ವಭಾವದಲ್ಲಿ ಸಿಗುತ್ತದೆ, ಉಷ್ಣಮಾಪಕಕ್ಕೆ ಕಾಯಬೇಕಾಗಿಲ್ಲ. ತೊದಲು ಮಾತು, ಅಸಂಬದ್ಧ ಉತ್ತರ, ಕಾರಣವಿಲ್ಲದ ಸಿಟ್ಟು, ಓಲಾಡುವ ನಡೆ, ಆಮೇಲೆ ಸೆಳವು, ಎಚ್ಚರದಪ್ಪುವಿಕೆ. ಮೈ ಒಣಗಿ ಕಾದಿದ್ದರೆ ಮಾತ್ರ ಉಷ್ಣಾಘಾತವೆಂಬ ಹಳೆಯ ಪಾಠವೊಂದಿದೆ. ಅದು ಮನೆಯೊಳಗೆ ಸೆಕೆಗೆ ಬೆಂದ ವೃದ್ಧರ ಮಟ್ಟಿಗೆ ಹೆಚ್ಚಾಗಿ ನಿಜ. ದುಡಿಯುತ್ತಿರುವಾಗಲೇ ಕುಸಿದವನ ಮೈ ಬೆವರಿನಿಂದ ತೊಯ್ದಿರಬಹುದು. ಬೆವರು ಇದೆಯಲ್ಲ, ಭಯವಿಲ್ಲ ಎಂದು ಸುಮ್ಮನಿದ್ದರೆ ಅವನ ಪ್ರಾಣಕ್ಕೇ ಎರವಾಗುತ್ತದೆ.

ಈ ಸ್ವಭಾವದ ಲಕ್ಷಣಗಳೇ ಜನರನ್ನು ದಾರಿ ತಪ್ಪಿಸುವುದೂ ಉಂಟು. ಹಮಾಲನೊಬ್ಬ ಬೈಲಹೊಂಗಲದ ಪೇಟೆಯಲ್ಲಿ ಲಾರಿಗೆ ಅಂಡಿಗೆ ಏರಿಸುತ್ತ ಓಲಾಡಿದರೆ ಕುಡಿದಿದ್ದಾನೆಂಬ ತೀರ್ಪು ಮೊದಲು ಹೊರಡುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ಹೆಂಗಸೊಬ್ಬಳು ಬಡಬಡಿಸುತ್ತ ಬಿದ್ದರೆ ದೇವಿ ಮೈದುಂಬಿದಳೆಂದು ಸುತ್ತಲಿನವರು ಕೈಮುಗಿದು ನಿಲ್ಲುವ ಸಂಭವವಿದೆ. ಯಾರ ನಂಬಿಕೆಯನ್ನೂ ಹಳಿಯಬೇಕಾಗಿಲ್ಲ. ಹಣೆ, ಕುತ್ತಿಗೆ ಮುಟ್ಟಿ ನೋಡಿ, ಕಾದಿದ್ದರೆ ನೀರು ಸುರಿಯುವುದರಿಂದ ದೇವಿಗೂ ಅಪಚಾರವಾಗದು. ಹತ್ತಿಯ ಹೊಲದಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು. ಕೀಟನಾಶಕ ಸಿಂಪಡಿಸುತ್ತಿದ್ದವನು ಬೆವರಿ ಬಿದ್ದಾಗ, ಬಾಯಲ್ಲಿ ಜೊಲ್ಲು ಸುರಿಯುತ್ತಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿದ್ದರೆ, ಅದು ಬಿಸಿಲಲ್ಲ, ವಿಷ. ತೊಯ್ದ ಬಟ್ಟೆ ಕಳಚಿ ಮೈ ತೊಳೆದು ಆಸ್ಪತ್ರೆಗೆ ಒಯ್ಯುವಾಗ ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು.

ಉಷ್ಣಾಘಾತಕ್ಕೆ ಔಷಧ ನೀರೇ. ಆದರೆ ಬಾಯಿಗಲ್ಲ, ಮೈಗೆ. ಇಲ್ಲಿ ಜಗತ್ತಿನ ವೈದ್ಯರಲ್ಲಿ ಭಿನ್ನಮತವಿಲ್ಲ. ಮೊದಲು ತಣಿಸಬೇಕು, ಆಮೇಲೆ ಸಾಗಿಸಬೇಕು. 108ಕ್ಕೆ ಕರೆ ಮಾಡುವ ಕೆಲಸ ಒಬ್ಬನದಾದರೆ ತಣಿಸುವ ಕೆಲಸ ಉಳಿದವರದು. ಅರ್ಧ ತಾಸಿನೊಳಗೆ ಒಳಉಷ್ಣತೆ ಇಳಿದವರು ಬಹುಪಾಲು ಉಳಿಯುತ್ತಾರೆ. ತಡವಾದಷ್ಟೂ ಮಿದುಳು, ಮೂತ್ರಪಿಂಡ, ಯಕೃತ್ತುಗಳು ಒಂದೊಂದಾಗಿ ಕೈಬಿಡುತ್ತವೆ. ದೂರದ ಹೊಲಕ್ಕೆ ಆಂಬುಲೆನ್ಸ್ ಬರುವಷ್ಟರಲ್ಲಿ ಅರ್ಧ ತಾಸು ಕಳೆದುಹೋಗುವುದು ಸುಲಭ. ಆದ್ದರಿಂದ ಆ ಅರ್ಧ ತಾಸು ಜೊತೆಯಲ್ಲಿ ದುಡಿಯುವವರ ಕೈಯಲ್ಲಿದೆ. ಅತ್ಯುತ್ತಮ ವಿಧಾನವೆಂದರೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸುವುದು. ಇದಕ್ಕೆ ಬೇಕಾದ ಸಲಕರಣೆ ಆಸ್ಪತ್ರೆಯಲ್ಲಿ ಇರದಿದ್ದರೂ ಹೊಲದಲ್ಲಿ ಇದೆ. ದನಕ್ಕೆ ನೀರು ಕುಡಿಸುವ ದೋಣಿ, ಪಂಪಿನ ಮನೆಯ ಮುಂದಿನ ತೊಟ್ಟಿ, ಕೊನೆಗೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ತಾಡಪಾಲು ಹಾಸಿ ತುಂಬಿದ ನೀರು. ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಬೇಕು, ಕ್ಷಣವೂ ಬಿಡಕೂಡದು. ಅಷ್ಟು ನೀರಿಲ್ಲದ ಕಡೆ ಕೊಡಗಳಿಂದ ಇಡೀ ಮೈಗೆ ಸುರಿದು, ಒದ್ದೆ ಧೋತರ ಹೊದಿಸಿ, ಬುಟ್ಟಿಯಿಂದಲೋ ಮೊರದಿಂದಲೋ ಬಿಡದೆ ಗಾಳಿ ಹಾಕಬೇಕು. ಧೋತರ ಬೆಚ್ಚಗಾದಂತೆ ಮತ್ತೆ ತೋಯಿಸಬೇಕು. ಒಣಸೀಮೆಯ ಗಾಳಿ ಇಲ್ಲಿ ಮಿತ್ರ. ಒದ್ದೆ ಮೈಯನ್ನು ಅದು ಬೇಗ ತಣಿಸುತ್ತದೆ. ಮಂಜುಗಡ್ಡೆ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಇಡಬೇಕು. ಎಚ್ಚರ ಮರಳಿ, ಮೈ ನಡುಗತೊಡಗಿದ ಮೇಲೆ ನಿಲ್ಲಿಸಬಹುದು.

ಎಚ್ಚರವಿಲ್ಲದವನ ಬಾಯಿಗೆ ನೀರು, ಮಜ್ಜಿಗೆ, ಸೋಡಾ ಯಾವುದನ್ನೂ ಹಾಕಲೇಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿಯಾಗುವಂತಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಜ್ವರದ ಗುಳಿಗೆ ಈ ಶಾಖವನ್ನು ಇಳಿಸದು. ಏಕೆಂದರೆ ಇದು ಜ್ವರವಲ್ಲ. ಈರುಳ್ಳಿಯ ಬಗ್ಗೆಯೂ ಒಂದು ಮಾತು. ಬಿಸಿಲಿಗೆ ಹೊರಟವರು ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಳ್ಳುವ ರೂಢಿ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ರೊಟ್ಟಿಯೊಡನೆ ತಿಂದರೆ ರುಚಿಯುಂಟು, ನೀರಿನಂಶವೂ ಉಂಟು. ಕಿಸೆಯಲ್ಲಿದ್ದು ಅದು ಮಾಡುವ ಉಪಕಾರ ಯಾವುದೂ ಇಲ್ಲ. ಬಿದ್ದವನ ಮೂಗಿಗೆ ಈರುಳ್ಳಿ ಹಿಡಿಯುತ್ತ ಕಳೆಯುವ ಹತ್ತು ನಿಮಿಷ ನೀರು ಸುರಿಯಬೇಕಾಗಿದ್ದ ಹತ್ತು ನಿಮಿಷ.

ಕುಡಿಯುವುದರ ವಿಷಯದಲ್ಲಿ ಸೀಮೆಯ ಹಳೆಯ ಊಟವೇ ಗುರು. ಜೋಳದ ನುಚ್ಚು, ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ. ನೀರು, ಉಪ್ಪು, ಪಿಷ್ಟ ಮೂರೂ ಒಟ್ಟಿಗೆ ಹೊಟ್ಟೆಗೆ ಹೋಗುವ ಈ ಏರ್ಪಾಡು ಯಾವ ಬಾಟಲಿಯ ಪಾನೀಯಕ್ಕೂ ಕಡಿಮೆಯಲ್ಲ. ಮನೆಯಲ್ಲಿಯೇ ಮಾಡಿಕೊಳ್ಳುವುದಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ದುಡಿಯುವವರು ಬಾಯಾರುವುದನ್ನು ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು. ತಾಸಿಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ. ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆಯವರು ಉಪ್ಪಿನ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬೇಕು. ಇದೆಲ್ಲ ಪುಸ್ತಕದ ಮಾತು. ಹೊಲದಲ್ಲಿ ನಡೆಯುವುದೇ ಬೇರೆ. ಹೆಣ್ಣಾಳುಗಳು ಬೇಕೆಂದೇ ನೀರು ಕುಡಿಯುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು. ಬಟಾಬಯಲಿನಲ್ಲಿ ಹೋಗಲು ಮರೆಯಿಲ್ಲ. ಸಾಲು ಬಿಟ್ಟು ಹೋದವಳನ್ನು ಮೇಸ್ತ್ರಿ ಕೂಗಿ ಕರೆಯುವುದೂ ಉಂಟು. ಬೆಳಗ್ಗೆ ಮನೆ ಬಿಟ್ಟವಳು ಸಂಜೆ ಮನೆ ಸೇರುವವರೆಗೆ ಎರಡೇ ಲೋಟದಲ್ಲಿ ದಿನ ಕಳೆಯುತ್ತಾಳೆ. ಹೆಚ್ಚು ನೀರು ಕುಡಿಯಿರಿ ಎಂಬ ಭಿತ್ತಿಪತ್ರದ ಕೆಳಗೆ ಮರೆಯ ಏರ್ಪಾಡಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್, ನಿಕರಾಗುವಾ ದೇಶಗಳ ಕಬ್ಬು ಕಡಿಯುವವರಲ್ಲಿ ಮೂತ್ರಪಿಂಡಗಳು ಹರೆಯದಲ್ಲಿಯೇ ಸೋಲುವುದನ್ನು ಕಂಡು ವೈದ್ಯರು ಬೆಚ್ಚಿದರು. ಸೆಕೆಯಲ್ಲಿ ವರ್ಷ ವರ್ಷವೂ ಬತ್ತಿಹೋಗುವ ದೇಹ ಅಲ್ಲಿಯ ಮುಖ್ಯ ಶಂಕಿತ. ನೀರು, ನೆರಳು, ವಿಶ್ರಾಂತಿ ಕೊಟ್ಟು ಕಡಿಸುವ ಪದ್ಧತಿಯನ್ನು ಅಲ್ಲಿ ಪ್ರಯೋಗಿಸಲಾಯಿತು. ಮಲಪ್ರಭೆಯ ಕಾಲುವೆಗಳ ಕೆಳಗೂ ಕಬ್ಬು ಇದೆ, ಅದನ್ನು ಕಡಿಯುವ ಗುಂಪುಗಳಿವೆ. ಅವರ ಮೂತ್ರಪಿಂಡಗಳನ್ನು ಯಾರಾದರೂ ಪರೀಕ್ಷಿಸಬೇಕಾಗಿದೆ.

ಹೊಲದವರ ಮಾತಾಯಿತು. ಸೂರಿನ ಕೆಳಗಿದ್ದವರು ಸುರಕ್ಷಿತರೆಂದು ತಿಳಿಯುವಂತಿಲ್ಲ. ರಾಮದುರ್ಗ, ಸುರೇಬಾನ ಕಡೆಯ ನೇಕಾರರ ಮಗ್ಗಗಳು ತಗಡಿನ ಸೂರಿನಡಿ ನಡೆಯುವಲ್ಲಿ ಮಧ್ಯಾಹ್ನದ ಸೆಕೆ ಬಯಲಿಗಿಂತ ಕಡಿಮೆಯಲ್ಲ. ದಪ್ಪ ಮಣ್ಣಿನ ಗೋಡೆ, ಮಣ್ಣು ಹಾಸಿದ ಮಾಳಿಗೆಯ ಹಳೆಯ ಮನೆ ಹಗಲಿನ ಕಾವನ್ನು ತಡೆಯುತ್ತಿತ್ತು. ಅದನ್ನು ಬಡತನದ ಗುರುತೆಂದು ಕೆಡವಿ ಕಟ್ಟಿದ ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿಯೆಲ್ಲ ಉಗುಳುತ್ತದೆ. ರಾತ್ರಿ ತಣಿಯದ ದೇಹ ಮರುದಿನದ ಬಿಸಿಲಿಗೆ ಅರ್ಧ ಸೋತೇ ಹೊರಡುತ್ತದೆ. ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು, ಮನೋರೋಗಕ್ಕೋ ರಕ್ತದೊತ್ತಡಕ್ಕೋ ಗುಳಿಗೆ ನುಂಗುವವರು ಈ ಮನೆಗಳಲ್ಲಿ ಸದ್ದಿಲ್ಲದೆ ಕುಸಿಯುತ್ತಾರೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಬರಿಯ ಫ್ಯಾನು ಒಣಮೈಗೆ ಬಿಸಿಗಾಳಿಯನ್ನೇ ಬಡಿಯುತ್ತದೆ. ಮೈ ಒದ್ದೆ ಮಾಡಿಕೊಂಡರಷ್ಟೇ ಉಪಯೋಗ.

ಇಷ್ಟಾದರೂ ಆಡಳಿತದ ಕಣ್ಣಿಗೆ ಈ ತಾಲೂಕುಗಳು ಬಿಸಿಲಿನ ಸೀಮೆಯಾಗಿ ಕಾಣುವುದಿಲ್ಲ. ಏಕೆ? ಜಿಲ್ಲಾ ಕೇಂದ್ರವಾದ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಘಟ್ಟದ ಗಾಳಿ ಬೀಸುವ ಕಡೆ ಇದೆ. ಅಲ್ಲಿ 40 ಡಿಗ್ರಿ ಮುಟ್ಟುವ ದಿನ ಅಪರೂಪ. ಪತ್ರಿಕೆಯಲ್ಲಿ ಜಿಲ್ಲೆಯ ಹೆಸರಿನ ಮುಂದೆ ಅಚ್ಚಾಗುವುದು ಆ ಅಂಕಿಯೇ. ರಾಮದುರ್ಗ ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕೆ, ತಗ್ಗಿನಲ್ಲಿ, ಬಾಗಲಕೋಟೆ ಜಿಲ್ಲೆಯ ಬಾದಾಮಿ ಸೀಮೆಗೆ ತಾಗಿಕೊಂಡಿದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಆದೇಶ 2025ರಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಿಗೂ ಸಂದಿತು. ಬೆಳಗಾವಿ ಜಿಲ್ಲೆಗೆ ಇಲ್ಲ. ಬಾದಾಮಿಯ ಗುಮಾಸ್ತನಿಗೆ ಸೆಕೆ, ರಾಮದುರ್ಗದ ಗುಮಾಸ್ತನಿಗೆ ತಂಪು! ಜಿಲ್ಲೆಯ ಗಡಿಕಲ್ಲನ್ನು ಸೂರ್ಯ ಓದಲಾರ. ಗುಮಾಸ್ತನಿಗಾದರೂ ತಲೆಯ ಮೇಲೆ ಸೂರಿದೆ. ಈ ಆದೇಶ ಎಲ್ಲಿ ಜಾರಿಯಾದರೂ ಹೊಲದ ಆಳನ್ನು ಮುಟ್ಟುವುದಿಲ್ಲ ಎಂಬುದು ಬೇರೆ ಮಾತು.

ಬಿಸಿಗಾಳಿಯೆಂದು ಘೋಷಿಸಲು ಹವಾಮಾನ ಇಲಾಖೆಯ ಮಾನದಂಡ ಬಯಲಿಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30 ಡಿಗ್ರಿ. ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯ ಏರಿಕೆ ಇರಬೇಕು. ವಾಡಿಕೆಯೇ 39-40 ಆಗಿರುವ ಒಣಸೀಮೆಯಲ್ಲಿ ಕೂಲಿಯವರು ಸಾಯಲು ವಾಡಿಕೆಯ ಬಿಸಿಲೇ ಸಾಕು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನದ ಸಮಾರಂಭಕ್ಕೆ ನೆರೆದ ಲಕ್ಷಾಂತರ ಜನ ಮಧ್ಯಾಹ್ನದವರೆಗೆ ಬಯಲಿನಲ್ಲಿ ಕುಳಿತಿದ್ದರು. 14 ಮಂದಿ ಸತ್ತರು. ಆ ದಿನ ಹತ್ತಿರದ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 38 ಡಿಗ್ರಿ. ಕಡಲ ಸಮೀಪದ ಆರ್ದ್ರತೆ, ನೆರಳಿಲ್ಲದ ಮೈದಾನ, ಹೊರಬರಲಾಗದ ಜನಜಂಗುಳಿ ಸೇರಿದಾಗ ಅಷ್ಟೇ ಸಾಕಾಯಿತು. ದವನದ ಹುಣ್ಣಿಮೆಯ ಜಾತ್ರೆಗೆ ವ್ಯವಸ್ಥೆ ಮಾಡುವವರು ಮರೆಯಬಾರದ ಘಟನೆ ಇದು. ಸರತಿಯ ಸಾಲಿಗೆ ಚಪ್ಪರ, ಹೆಜ್ಜೆ ಹೆಜ್ಜೆಗೆ ಕುಡಿಯುವ ನೀರು, ದೊಡ್ಡ ತೊಟ್ಟಿಗಳುಳ್ಳ ಒಂದೆರಡು ತಣಿಸುವ ಠಾಣೆ, ಚಕ್ಕಡಿಯಲ್ಲಿ ಬರುವವರ ಎತ್ತುಗಳಿಗೂ ನೆರಳು. ದೇವಸ್ಥಾನದ ಆದಾಯದಲ್ಲಿ ಇದು ದೊಡ್ಡ ವೆಚ್ಚವಾಗಲಾರದು.

ರಾಷ್ಟ್ರಮಟ್ಟದಲ್ಲಿ ಪರಿಹಾರಕ್ಕೆ ಅರ್ಹವಾದ ವಿಪತ್ತುಗಳ ಪಟ್ಟಿಗೆ ಬರ, ಪ್ರವಾಹ, ಆಲಿಕಲ್ಲುಗಳೊಡನೆ ಶೀತಗಾಳಿಯೂ ಸೇರಿತು. ಬಿಸಿಗಾಳಿಯನ್ನು ಸೇರಿಸಬೇಕೆಂಬ ಬೇಡಿಕೆಯನ್ನು 2021-26ರ ಅವಧಿಗೆ ಶಿಫಾರಸು ಮಾಡಿದ ಹದಿನೈದನೆಯ ಹಣಕಾಸು ಆಯೋಗ ಒಪ್ಪಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದಾಗ ಅಧಿಕಾರಿಗಳು ಬಂದರು, ಎಣಿಕೆಯಾಯಿತು. ಬಿಸಿಲಿಗೆ ಬಿದ್ದವನ ಮನೆಗೆ ಯಾರೂ ಬರುವುದಿಲ್ಲ. ಅವನ ಸಾವು ಹೃದಯಾಘಾತವೆಂದು ಬರೆಯಲ್ಪಡುವ ಸಂಭವವೇ ಹೆಚ್ಚು, ಏಕೆಂದರೆ ಬಿದ್ದ ಕೂಡಲೇ ಮೈಯ ಉಷ್ಣತೆ ಅಳೆದು ದಾಖಲಿಸಿದವರಿರುವುದಿಲ್ಲ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಸಾವುಗಳನ್ನು ಹಿಂದಿನ ವರ್ಷಗಳೊಡನೆ ಹೋಲಿಸಿದಾಗ 1,344 ಹೆಚ್ಚುವರಿ ಸಾವುಗಳು ಬೆಳಕಿಗೆ ಬಂದವು. ಆ ಲೆಕ್ಕವೇ 2013ರಲ್ಲಿ ಅಲ್ಲಿ ದಕ್ಷಿಣ ಏಷ್ಯಾದ ಮೊದಲ ನಗರಮಟ್ಟದ ಉಷ್ಣ ಕ್ರಿಯಾಯೋಜನೆಗೆ ಕಾರಣವಾಯಿತು. ಗ್ರಾಮ ಪಂಚಾಯಿತಿಯ ಜನನ-ಮರಣ ನೋಂದಣಿ ಪುಸ್ತಕಗಳಿಂದ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಹತ್ತು ವರ್ಷಗಳ ಏಪ್ರಿಲ್-ಮೇ ಸಾವುಗಳನ್ನು ಎಣಿಸುವುದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಒಂದು ವರ್ಷದ ಕೆಲಸ. ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ ಮೃತರ ಕುಟುಂಬಕ್ಕೆ ಪರಿಹಾರದ ದಾರಿ ಮಾಡಿತು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ ಹೊರಾಂಗಣ ಕೆಲಸಕ್ಕೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ವಿಧಿಸುತ್ತ ಬಂದಿದೆ. ಎತ್ತಿನ ನಿಯಮದ ಗಂಟೆಗಳೇ ಅವು!

ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೆಲಸಗಳಲ್ಲಿ ಕಲಬುರಗಿ, ಬೆಳಗಾವಿ ವಿಭಾಗಗಳ ಕೂಲಿಯವರಿಗೆ ಬೇಸಿಗೆಯಲ್ಲಿ ಕೆಲಸದ ಅಳತೆಯನ್ನು ಇಳಿಸುವ ರೂಢಿ ನಡೆದುಬಂದಿದೆ. ಒಳ್ಳೆಯದೇ. ಆದರೆ ಅಳತೆಯೊಡನೆ ಗಂಟೆಯೂ ಬದಲಾಗಬೇಕು, ಮತ್ತು ಅದು ಖಾಸಗಿ ಹೊಲ, ಇಟ್ಟಿಗೆ ಭಟ್ಟಿ, ಕಲ್ಲುಗಣಿ, ರಸ್ತೆ ಕಾಮಗಾರಿಗಳಿಗೂ ಹಬ್ಬಬೇಕು. ನಸುಕಿನ ಆರಕ್ಕೆ ಆರಂಭಿಸಿ ಹನ್ನೊಂದಕ್ಕೆ ಬಿಡುವ ಒಂದೇ ಪಾಳಿಗೆ ಪೂರ್ಣ ಕೂಲಿ ಕೊಡಲು ಸಣ್ಣ ರೈತ ಹಿಂಜರಿಯುತ್ತಾನೆ. ಅವನ ಕಷ್ಟವೂ ಸುಳ್ಳಲ್ಲ. ಆದರೆ ಹನ್ನೊಂದರ ನಂತರ ಬಗ್ಗಿದ ಬೆನ್ನಿನಿಂದ ನಡೆಯುವ ಕೆಲಸ ಎಷ್ಟೆಂದು ಅವನಿಗೂ ಗೊತ್ತು. ತನ್ನ ಎತ್ತಿನ ವಿಷಯದಲ್ಲಿ ಅವನು ಈ ಲೆಕ್ಕವನ್ನು ಎಂದೋ ಮಾಡಿ ಮುಗಿಸಿದ್ದಾನೆ. ಬದುವಿನ ಬೇವು, ಹುಣಸೆ, ಬನ್ನಿಗಳನ್ನು ಟ್ರ್ಯಾಕ್ಟರಿಗೆ ಅಡ್ಡಿಯೆಂದು ಕಡಿದವನೂ ಅವನೇ. ಎಕರೆಗೆ ಎರಡು ಮರ ಮರಳಿ ಬಂದರೆ ಬೆಳೆಯ ನಷ್ಟ ಕೆಲವು ಮಾರು ಸಾಲು, ಅಷ್ಟೇ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ನಿಲ್ಲಿಸಿದೆ. ತಾಪಮಾನವೂ ಆರ್ದ್ರತೆಯೂ ಅಲ್ಲಿ ದಾಖಲಾಗುತ್ತಿವೆ. ಆ ಅಂಕಿ ಬೆಂಗಳೂರಿಗೆ ಹೋಗುತ್ತದೆ, ಪಕ್ಕದ ಪಂಚಾಯಿತಿಯ ಕಪ್ಪುಹಲಗೆಗೆ ಬರುವುದಿಲ್ಲ. ಅದು ಬರುವವರೆಗೆ ಶಾಲಾ-ಕಾಲೇಜಿನ ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ಎರಡು ಸಾಮಾನ್ಯ ಉಷ್ಣಮಾಪಕಗಳನ್ನು ನೆರಳಿನಲ್ಲಿ ಅಕ್ಕಪಕ್ಕ ತೂಗುಹಾಕಿ, ಒಂದರ ಬುರುಡೆಗೆ ತೆಳುವಾದ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿನಲ್ಲಿ ಇಳಿಬಿಡಬೇಕು. ಬೀಸಣಿಗೆಯಿಂದ ತುಸು ಗಾಳಿ ಹಾಕಿ ಎರಡರ ಅಂಕಿಯನ್ನೂ ಬರೆದುಕೊಳ್ಳಬೇಕು. ಒದ್ದೆ ಮಾಪಕದ ಅಂಕಿ ಎಷ್ಟು ಕೆಳಗಿದೆಯೋ ಅಷ್ಟರಮಟ್ಟಿಗೆ ಬೆವರು ಮೈಯನ್ನು ತಣಿಸಬಲ್ಲುದು. ಎರಡೂ ಹತ್ತಿರ ಹತ್ತಿರ ಬಂದ ದಿನ, ಬಿಸಿಲು ಕಡಿಮೆಯೆನಿಸಿದರೂ, ಕೆಲಸ ನಿಲ್ಲಿಸಬೇಕಾದ ದಿನ. ಕಣಕುಂಬಿಯಲ್ಲೊಂದು, ಕಿತ್ತೂರಿನಲ್ಲೊಂದು, ಸವದತ್ತಿಯಲ್ಲೊಂದು, ರಾಮದುರ್ಗದಲ್ಲೊಂದು ಜೋಡಿ ಇದ್ದರೆ ಸಾಕು. ಶಾಲೆಗಳಿಗೆ ಏಪ್ರಿಲ್ ನಡುವಿನಿಂದ ರಜೆ ಬರುವುದರಿಂದ ಮಾಪಕಗಳನ್ನು ಪಂಚಾಯಿತಿಯ ಪಡಸಾಲೆಯಲ್ಲಿ ಇಡುವುದು ಮೇಲು. ಓದಿ ಬರೆಯುವ ಸರದಿಯನ್ನು ಆಯಾ ಊರಿನ ಹುಡುಗ ಹುಡುಗಿಯರು ಹಂಚಿಕೊಳ್ಳಬಹುದು. ಪ್ರತಿದಿನ ಬೆಳಗ್ಗೆ ಹತ್ತು, ಹನ್ನೆರಡು, ಮಧ್ಯಾಹ್ನ ಮೂರು ಗಂಟೆಗೆ ಒಂದೊಂದು ಸಲ.